ನವೋದಯ ಪ್ರವೇಶ ಪರೀಕ್ಷೆ: ಮನೆಯಲ್ಲೇ ತಯಾರಿ ಮಾಡುವುದು ಹೇಗೆ

ಐದನೇ ತರಗತಿಯ ಮಗುವನ್ನು ನವೋದಯ ಪರೀಕ್ಷೆಗೆ ಕೂರಿಸೋಣ ಎಂದಾಕ್ಷಣ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಯಾವ ಕೋಚಿಂಗ್‌ಗೆ ಹಾಕೋದು?’ ಆದರೆ ಅದಕ್ಕೂ ಮೊದಲು ನೋಡಿಕೊಳ್ಳಬೇಕಾದ ವಿಷಯಗಳು ಎರಡಿವೆ. ಮಗು ಮೂರನೇ ತರಗತಿಯಿಂದ ಯಾವ ಊರಿನ ಶಾಲೆಯಲ್ಲಿ ಓದಿದೆ? ಮನೆಯಲ್ಲಿ ಲೆಕ್ಕದ ಬಗ್ಗೆ ದೊಡ್ಡವರು ಏನು ಮಾತಾಡುತ್ತಾರೆ? ಮಗು ಯಾವ ಸೀಟಿಗೆ ಸ್ಪರ್ಧಿಸುತ್ತದೆ ಎಂಬುದು ಮೊದಲನೆಯದರಿಂದ ಗೊತ್ತಾಗುತ್ತದೆ. ಎರಡನೆಯದು ನೇರವಾಗಿ ಅಂಕಕ್ಕೇ ತಟ್ಟುತ್ತದೆ.

ಪರೀಕ್ಷೆಯ ಲೆಕ್ಕಾಚಾರ

ಜವಾಹರ್ ನವೋದಯ ವಿದ್ಯಾಲಯಗಳು ಕೇಂದ್ರ ಸರ್ಕಾರದ ವಸತಿ ಶಾಲೆಗಳು. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಒಳ್ಳೆಯ ಶಿಕ್ಷಣ ಸಿಗಲಿ ಎಂಬ ಉದ್ದೇಶದಿಂದ 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದವು. ಶಿವಮೊಗ್ಗಕ್ಕೆ ಗಾಜನೂರು, ದಕ್ಷಿಣ ಕನ್ನಡಕ್ಕೆ ಮುಡಿಪು, ಕೊಡಗಿಗೆ ಗಾಳಿಬೀಡು, ಉತ್ತರ ಕನ್ನಡಕ್ಕೆ ಮುಂಡಗೋಡು, ಹೀಗೆ ಸಾಮಾನ್ಯವಾಗಿ ಜಿಲ್ಲೆಗೊಂದು ಶಾಲೆ. ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ, ಒಟ್ಟು ಸೀಟಿನಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ, ಒಂದು ಸರಿ ಉತ್ತರಕ್ಕೆ 1.25 ಅಂಕ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ 50 ಅಂಕ, ಅಂಕಗಣಿತದ 20 ಪ್ರಶ್ನೆಗೆ 25, ಭಾಷೆಯ 20 ಪ್ರಶ್ನೆಗೆ 25. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಖಾಲಿ ಬಿಟ್ಟ ಪ್ರತಿ ಪ್ರಶ್ನೆಯೂ ನಷ್ಟವೇ.

ಈ ಹಂಚಿಕೆಯನ್ನು ಸರಿಯಾಗಿ ಗಮನಿಸಿ. ವಿಜ್ಞಾನವಿಲ್ಲ, ಸಮಾಜವಿಲ್ಲ, ಸಾಮಾನ್ಯ ಜ್ಞಾನವಿಲ್ಲ. ಒಟ್ಟು ಅಂಕದ ಅರ್ಧ ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಆಕೃತಿಗಳ ಪ್ರಶ್ನೆಗಳಿಗೆ ಹೋಗಿದೆ. ಆದರೂ ಬಹಳ ಮನೆಗಳಲ್ಲಿ ತಯಾರಿ ಎಂದರೆ ರಾಜಧಾನಿಗಳ ಪಟ್ಟಿ ಬಾಯಿಪಾಠ, ದಪ್ಪ ಗೈಡು, ರಾತ್ರಿ ಹತ್ತರವರೆಗೆ ಪ್ರಶ್ನೋತ್ತರ. ಈ ಪರೀಕ್ಷೆಗೆ ಅದರಿಂದ ಒಂದು ಅಂಕವೂ ಬರುವುದಿಲ್ಲ. (ಮೊರಾರ್ಜಿ ದೇಸಾಯಿ ಮತ್ತು ಇತರ ರಾಜ್ಯ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ಸ್ವರೂಪವೇ ಬೇರೆ, ಅಲ್ಲಿ ವಿಜ್ಞಾನ, ಸಮಾಜದ ಪ್ರಶ್ನೆಗಳೂ ಇರುತ್ತವೆ. ಎರಡಕ್ಕೂ ಒಂದೇ ಗೈಡು ಸಾಕೆಂದು ಅಂಗಡಿಯವರು ಹೇಳಿದರೆ ನಂಬಬೇಡಿ.)

ಮೊದಲು ಕಾಗದಪತ್ರ

ಚೆನ್ನಾಗಿ ಓದುವ ಮಗು ಕೈತಪ್ಪಿ ಹೋಗುವುದು ಹೆಚ್ಚಾಗಿ ಇಲ್ಲಿ.

ಗ್ರಾಮೀಣ ಕೋಟಾ ಸಿಗಬೇಕಾದರೆ 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿ ಎಂದೇ ಲೆಕ್ಕ. ಊರ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಮಗುವನ್ನು ‘ಇಂಗ್ಲಿಷ್ ಮೀಡಿಯಂ ಆದರೆ ಲೆಕ್ಕ, ಸೈನ್ಸ್ ಗಟ್ಟಿಯಾಗುತ್ತದೆ’ ಎಂದು ಮೂರನೇ ತರಗತಿಗೆ ಪೇಟೆಯ ಶಾಲೆಗೆ ಸೇರಿಸುತ್ತಾರೆ. ಎರಡು ವರ್ಷದ ನಂತರ ನವೋದಯದ ನೆನಪಾಗುತ್ತದೆ. ಅಷ್ಟರಲ್ಲಿ ಮುಕ್ಕಾಲು ಪಾಲು ಸೀಟಿನ ಬಾಗಿಲು ಮುಚ್ಚಿರುತ್ತದೆ. ಪೇಟೆಯ ಅಂಚಿನಲ್ಲಿರುವವರು ಶಾಲೆ ಇರುವ ಜಾಗ ಪಂಚಾಯಿತಿಗೆ ಸೇರಿದ್ದೋ, ಪುರಸಭೆಗೆ ಸೇರಿದ್ದೋ ಎಂದು ಮುಖ್ಯ ಶಿಕ್ಷಕರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಮನೆ ಎಲ್ಲಿದೆ ಎಂಬುದಲ್ಲ, ಶಾಲೆ ಎಲ್ಲಿದೆ ಎಂಬುದು ಮುಖ್ಯ.

ಮಗು ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತದೋ ಅದೇ ಜಿಲ್ಲೆಯ ಸರ್ಕಾರಿ, ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು, ವಾಸವೂ ಅದೇ ಜಿಲ್ಲೆಯಲ್ಲಿರಬೇಕು. ಆರನೇ ತರಗತಿಯ ಈ ಪರೀಕ್ಷೆ ಒಂದು ಮಗುವಿಗೆ ಒಂದೇ ಸಲ. ‘ಈ ವರ್ಷ ಸುಮ್ಮನೆ ಬರೆಯಲಿ, ಮುಂದಿನ ವರ್ಷ ಸರಿಯಾಗಿ ನೋಡೋಣ’ ಎನ್ನುವ ಅವಕಾಶವಿಲ್ಲ. ವಯಸ್ಸಿನ ಮಿತಿ ಪ್ರತಿ ವರ್ಷ ಒಂದೊಂದು ವರ್ಷ ಮುಂದೆ ಸರಿಯುತ್ತದೆ. 2026–27ರ ಪ್ರವೇಶಕ್ಕೆ 01-05-2014ರಿಂದ 31-07-2016ರೊಳಗೆ ಹುಟ್ಟಿರಬೇಕಿತ್ತು.

ಅರ್ಜಿ ಆನ್‌ಲೈನ್, ಶುಲ್ಕವಿಲ್ಲ. ಫೋಟೊ, ಮಗುವಿನ ಸಹಿ, ಪೋಷಕರ ಸಹಿ, ಮುಖ್ಯ ಶಿಕ್ಷಕರು ನಿಗದಿತ ನಮೂನೆಯಲ್ಲಿ ಕೊಟ್ಟ ಪ್ರಮಾಣಪತ್ರ ಬೇಕು. ಸೈಬರ್ ಸೆಂಟರ್‌ಗೆ ಹೋಗುವ ಮೊದಲೇ ಮೂರು ಕೆಲಸ ಮುಗಿಸಿ:

1. ಆಧಾರ್, ಜನನ ಪ್ರಮಾಣಪತ್ರ ಮತ್ತು ಶಾಲೆಯ ಎಸ್‌ಎಟಿಎಸ್ ದಾಖಲೆ (ಶಾಲೆ ಆನ್‌ಲೈನ್‌ನಲ್ಲಿ ಇಡುವ ವಿದ್ಯಾರ್ಥಿಯ ವಿವರ), ಈ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಇದೆಯೇ ನೋಡಿ. ವ್ಯತ್ಯಾಸವಿದ್ದರೆ ನಾಲ್ಕನೇ ತರಗತಿಯಲ್ಲೇ ತಿದ್ದಿಸಿ. ಆಯ್ಕೆಯಾದ ಮೇಲೆ ತಿದ್ದಿಸಲು ಓಡಾಡಿದರೆ ಸಮಯ ಸಾಲುವುದಿಲ್ಲ.

2. ಹಿಂದುಳಿದ ವರ್ಗದವರು ಗಮನಿಸಬೇಕಾದದ್ದು: ಇಲ್ಲಿ ಒಬಿಸಿ ಮೀಸಲಾತಿ ಕೇಂದ್ರದ ಪಟ್ಟಿಯ ಪ್ರಕಾರ. ನಾಡಕಚೇರಿಯಲ್ಲಿ ಕೊಡುವ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಪಟ್ಟಿಯದು, ಅದೊಂದೇ ಸಾಲದು. ನಿಮ್ಮ ಜಾತಿ ಕೇಂದ್ರ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇದ್ದರೆ ಕೇಂದ್ರ ನಮೂನೆಯ ಒಬಿಸಿ ಪ್ರಮಾಣಪತ್ರವನ್ನೇ ಮಾಡಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಅರ್ಜಿಯಲ್ಲಿ ಸಾಮಾನ್ಯ ವರ್ಗ ಎಂದೇ ತುಂಬಬೇಕು.

3. ಪರೀಕ್ಷೆಯ ಮಾಧ್ಯಮ ತೀರ್ಮಾನಿಸಿ. ಪ್ರತಿಷ್ಠೆಗಾಗಿ ‘ಇಂಗ್ಲಿಷ್’ ಎಂದು ತುಂಬಿಸುವುದು ದುಬಾರಿ ತಪ್ಪು. ಹೀಗೆ ಪರೀಕ್ಷಿಸಿ: ಒಂದೇ ಲೆಕ್ಕದ ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಬರೆದುಕೊಟ್ಟು, ‘ಏನು ಕೇಳಿದ್ದಾರೆ?’ ಎಂದು ಮಗುವಿನಿಂದ ಹೇಳಿಸಿ. ಯಾವುದನ್ನು ಓದಿ ಒಂದೇ ಸಲಕ್ಕೆ ಹೇಳುತ್ತದೋ ಅದೇ ಅದರ ಮಾಧ್ಯಮ.

ಅರ್ಜಿಯ ಕೊನೆಯ ದಿನ ಮುಗಿದ ಮೇಲೆ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೆರಡು ದಿನ ಕೊಡುತ್ತಾರೆ. ಲಿಂಗ, ವರ್ಗ, ಗ್ರಾಮೀಣ ಅಥವಾ ನಗರ, ಅಂಗವಿಕಲತೆ, ಮಾಧ್ಯಮ, ಇಂಥ ಕೆಲವನ್ನು ಮಾತ್ರ ಆಗ ಬದಲಿಸಬಹುದು.

‘ಲೆಕ್ಕ ನಮ್ಮ ವಂಶಕ್ಕೇ ಆಗಿಬರಲ್ಲ’

ನಮ್ಮಲ್ಲಿ ಗಣಿತ ಬರುವುದಿಲ್ಲ ಎಂದು ಹೇಳಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ಓದಲು ಬರುವುದಿಲ್ಲ ಎನ್ನಲು ನಾಚುವವರೂ ‘ಲೆಕ್ಕ ನನಗೆ ಕಬ್ಬಿಣದ ಕಡಲೆ’ ಎಂದು ನಗುನಗುತ್ತಲೇ ಹೇಳುತ್ತಾರೆ. ಕೇಳಿಸಿಕೊಂಡ ಹತ್ತು ವರ್ಷದ ಮಗುವಿಗೆ ಇದು ಒಂದು ರಜಾ ಚೀಟಿ: ಲೆಕ್ಕ ಬರದಿದ್ದರೂ ನಡೆಯುತ್ತದೆ, ಅಪ್ಪನಿಗೂ ಬರುತ್ತಿರಲಿಲ್ಲ. ಇನ್ನೊಂದು ಮನೆಯಲ್ಲಿ ಇದರ ತಿರುವುಮುರುವು. ‘ನಮ್ಮ ಹುಡುಗ ಹುಟ್ಟಾ ಜಾಣ’ ಎಂದು ಬಂದವರ ಮುಂದೆಲ್ಲ ಹೊಗಳುತ್ತಾರೆ. ಆ ಮಗು ಕಷ್ಟದ ಪ್ರಶ್ನೆ ಕಂಡ ಕೂಡಲೇ ಪುಸ್ತಕ ಮುಚ್ಚುತ್ತದೆ, ಏಕೆಂದರೆ ತಪ್ಪು ಮಾಡಿದರೆ ಜಾಣ ಎಂಬ ಹೆಸರು ಹೋಗುತ್ತದೆ. ಎರಡು ಮಾತಿನ ಹಿಂದೆಯೂ ಇರುವುದು ಒಂದೇ ನಂಬಿಕೆ: ಗಣಿತ ರಕ್ತದಲ್ಲಿ ಬರುವಂಥದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮವಾಗಿ ನಡೆಯುತ್ತದೆ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವ ಕೆಲಸ, ಹಾಲಿನ ಡೈರಿಯ ಲೆಕ್ಕ, ಸ್ಕೇಲು ಟೇಪು ಹಿಡಿಯುವ ಕೆಲಸವೆಲ್ಲ ಗಂಡುಮಗುವಿಗೆ ಹೋಗುತ್ತದೆ. ಹುಡುಗಿ ಅಕ್ಷರ ಚೆಂದ ಬರೆದಳು ಎಂದು ಹೊಗಳಿಸಿಕೊಳ್ಳುತ್ತಾಳೆ. ಐದನೇ ತರಗತಿಗೆ ಬರುವಷ್ಟರಲ್ಲಿ ಒಬ್ಬನಿಗೆ ಸಾವಿರ ಸಲದ ಅಭ್ಯಾಸ, ಇನ್ನೊಬ್ಬಳಿಗೆ ಇಲ್ಲ. ಆಮೇಲೆ ‘ಹುಡುಗರಿಗೆ ಲೆಕ್ಕ ಸಲೀಸು’ ಎನ್ನುತ್ತಾರೆ. ಒಂದು ವರ್ಷ ಈ ಕೆಲಸಗಳನ್ನು ಮಗಳ ಕೈಗೆ ಕೊಟ್ಟು ನೋಡಿ.

ಮಾತು ಬದಲಿಸುವುದು ಉಪದೇಶದಿಂದ ಆಗದು, ಕೇಳುವ ಪ್ರಶ್ನೆ ಬದಲಾಗಬೇಕು. ‘ಎಷ್ಟು ಅಂಕ ಬಂತು?’ ಬದಲು ‘ಎಲ್ಲಿ ಸಿಕ್ಕಿಹಾಕಿಕೊಂಡೆ?’ ಎನ್ನಿ. ಉತ್ತರ ಸರಿಯಿದ್ದಾಗಲೂ ‘ಹೇಗೆ ಗೊತ್ತಾಯಿತು?’ ಎಂದು ಕೇಳಿ. ತಪ್ಪಾದಾಗ ಮಾತ್ರ ಹೀಗೆ ಕೇಳಿದರೆ ಮಗುವಿಗೆ ಅದು ಬೈಗುಳದಂತೆ ಕೇಳಿಸುತ್ತದೆ. ನಿಮಗೆ ಲೆಕ್ಕ ಬರದಿದ್ದರೆ ‘ನನಗೂ ತಿಳಿಯದು, ನೀನು ಮೇಷ್ಟ್ರ ಥರ ಹೇಳಿಕೊಡು’ ಎನ್ನಿ. ಓದು ಬಾರದ ಅಜ್ಜಿಯೂ ಈ ಕೆಲಸ ಮಾಡಬಹುದು. ವಿವರಿಸುತ್ತ ವಿವರಿಸುತ್ತ ತನ್ನ ತಪ್ಪನ್ನು ತಾನೇ ಹಿಡಿಯುವ ಮಕ್ಕಳು ಬಹಳ. ವೇಗವನ್ನು ಮಾತ್ರ ಹೊಗಳಬೇಡಿ. ಈ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಇದೆ, ಅದು ಕಡಿಮೆಯೇನಲ್ಲ.

ಅಂಕಗಣಿತ: ತಪ್ಪುಗಳು ಎಲ್ಲಿಂದ ಬರುತ್ತವೆ

ಪಠ್ಯದಲ್ಲಿ ಇರುವುದು ಸಂಖ್ಯೆಗಳು, ನಾಲ್ಕು ಮೂಲಕ್ರಿಯೆಗಳು, ಭಿನ್ನರಾಶಿ, ದಶಮಾಂಶ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ), ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ), ಅಳತೆ, ಕಾಲ, ಲಾಭ–ನಷ್ಟ, ಸುತ್ತಳತೆ, ವಿಸ್ತೀರ್ಣ, ಕೋನ, ಅಂಕಿಅಂಶದ ನಕ್ಷೆ ಓದುವುದು. ವೇಗ, ಶೇಕಡ, ಸರಳಬಡ್ಡಿ ಹಿಂದಿನ ಪಠ್ಯದಲ್ಲಿದ್ದವು, ಈಗಿನದರಲ್ಲಿ ಇವೆಯೇ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ನೋಡಿಕೊಳ್ಳಿ. ಇಡೀ ಪಟ್ಟಿಗೆ ತಳಪಾಯ ಮಗ್ಗಿ. 1ರಿಂದ 20ರವರೆಗಿನ ಮಗ್ಗಿಯನ್ನು ರಾಗವಾಗಿ ಒಪ್ಪಿಸುವ ಮಗುವನ್ನು ಥಟ್ಟನೆ ‘ಏಳೆಂಟ್ಲೆ?’ ಎಂದು ಕೇಳಿ. ಏಳೊಂದ್ಲಿಯಿಂದ ಶುರು ಮಾಡಿ ಬಂದರೆ ಮಗ್ಗಿ ಇನ್ನೂ ನಾಲಿಗೆಯಲ್ಲಿದೆ, ತಲೆಗೆ ಇಳಿದಿಲ್ಲ. ದಿನಕ್ಕೆ ಐದು ನಿಮಿಷ, ಅಡ್ಡಾದಿಡ್ಡಿ ಇಪ್ಪತ್ತು ಪ್ರಶ್ನೆ. ‘56 ಯಾವ ಮಗ್ಗಿಯಲ್ಲಿ ಬರುತ್ತದೆ?’ ಎಂದು ಹಿಂದುಮುಂದಾಗಿಯೂ ಕೇಳಿ. ಭಾಗಾಕಾರ, ಅಪವರ್ತನ, ಭಿನ್ನರಾಶಿಯ ಸಂಕ್ಷೇಪಕ್ಕೆ ಬೇಕಾದದ್ದು ಈ ಹಿಂದುಮುಂದಿನ ಮಗ್ಗಿಯೇ.

ಭಿನ್ನರಾಶಿಯಲ್ಲಿ 1/2 + 1/3 = 2/5 ಎಂದು ಬರೆಯದ ಮಗು ಅಪರೂಪ. ಮೇಲಿನದ್ದನ್ನು ಮೇಲೆ, ಕೆಳಗಿನದ್ದನ್ನು ಕೆಳಗೆ ಕೂಡಿಬಿಡುತ್ತದೆ. ‘ಛೇದ ಸಮ ಮಾಡು’ ಎಂದು ನಿಯಮ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದು ಸಾಧ್ಯವೇ? ಇದನ್ನು ಗ್ರಹಿಸಿದ ಮಗು ಆ ತಪ್ಪಿಗೆ ಮರಳುವುದು ಕಡಿಮೆ. ಮನೆಮಾತಿನಲ್ಲಿ ಭಿನ್ನರಾಶಿ ಧಾರಾಳವಾಗಿ ಇದೆ: ಕಾಲು, ಅರೆ, ಮುಕ್ಕಾಲು, ಒಂದೂವರೆ, ಎರಡೂಕಾಲು, ನಾಲ್ಕು ಪಾವಿಗೆ ಒಂದು ಸೇರು. ‘ಮೂರು ಪಾವು ಅಂದರೆ ಎಷ್ಟು ಸೇರು?’ ಎಂಬ ಪ್ರಶ್ನೆಯಿಂದ 3/4 ಬರೆಯಿಸಿದರೆ ಅಂಶ, ಛೇದ ಎರಡಕ್ಕೂ ಅರ್ಥ ಬರುತ್ತದೆ.

ದಶಮಾಂಶದಲ್ಲಿ ನಮ್ಮ ಸುತ್ತಲಿನ ಬರವಣಿಗೆಯೇ ಮಗುವಿನ ದಾರಿ ತಪ್ಪಿಸುತ್ತದೆ. ಪಹಣಿಯಲ್ಲಿ 2.10 ಎಂದರೆ 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ನಿಜವಾಗಿ 2.25 ಎಕರೆ. ಕ್ರಿಕೆಟ್‌ನಲ್ಲಿ 4.3 ಓವರ್ ಎಂದರೆ ನಾಲ್ಕೂವರೆ ಓವರ್. ಇದನ್ನೇ ನೋಡಿ ಬೆಳೆದ ಮಗು 1 ಗಂಟೆ 15 ನಿಮಿಷವನ್ನು 1.15 ಗಂಟೆ ಎಂದು, 3 ಕಿ.ಮೀ. 45 ಮೀಟರನ್ನು 3.45 ಕಿ.ಮೀ. ಎಂದು ಬರೆಯುವುದರಲ್ಲಿ ಆಶ್ಚರ್ಯವೇನು? ಸರಿ ಉತ್ತರ 1.25 ಗಂಟೆ, 3.045 ಕಿ.ಮೀ. ಚುಕ್ಕೆ ಕಂಡಾಗಲೆಲ್ಲ ‘ಒಂದು ದೊಡ್ಡ ಅಳತೆಗೆ ಎಷ್ಟು ಚಿಕ್ಕವು?’ ಎಂದು ಮೊದಲು ಕೇಳಿಕೊಳ್ಳುವ ಅಭ್ಯಾಸ ಬೆಳೆಸಿ: 40, 6, 60, 1000. ನಂತರ ಇಂಥದ್ದೊಂದು ಕೊಡಿ: ಬಸ್ಸು 1 ಗಂಟೆ 15 ನಿಮಿಷದಲ್ಲಿ 45 ಕಿ.ಮೀ. ಹೋದರೆ ವೇಗ ಎಷ್ಟು? ಕಾಲು ಗಂಟೆಯ ಐದು ತುಂಡು, ಒಂದೊಂದರಲ್ಲಿ 9 ಕಿ.ಮೀ., ಗಂಟೆಗೆ 36. ಸೂತ್ರವಿಲ್ಲದೆಯೂ ಬರುತ್ತದೆ. 0.35 ಮತ್ತು 0.4ರಲ್ಲಿ 35 ದೊಡ್ಡದೆಂದು 0.35 ಆರಿಸುವ ಮಗುವಿಗೆ 35 ಪೈಸೆ, 40 ಪೈಸೆ ಎಂದರೆ ಸಾಕು.

ಬಡ್ಡಿಯದ್ದೂ ಇದೇ ಕಥೆ. ಊರಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ. 24. ಪುಸ್ತಕದ ಶೇ. 5 ವರ್ಷದ್ದು. ಈ ವ್ಯತ್ಯಾಸವನ್ನು ಒಮ್ಮೆ ಬಿಡಿಸಿ ಹೇಳಿದರೆ 2000 ರೂ.ಗೆ ಶೇ. 5ರಂತೆ 3 ವರ್ಷಕ್ಕೆ 300 ರೂ. ಎಂಬುದು ತಾನಾಗಿ ಬರುತ್ತದೆ. ಪ್ರಶ್ನೆಯಲ್ಲಿ ಕೇಳಿರುವುದು ಬಡ್ಡಿಯೋ, ಬಡ್ಡಿ ಸೇರಿದ ಮೊತ್ತವೋ ನೋಡಬೇಕು. ಆಯ್ಕೆಗಳಲ್ಲಿ 300 ಮತ್ತು 2300 ಎರಡನ್ನೂ ಇಟ್ಟಿರುತ್ತಾರೆ.

ಹೀಗೆ ಆಯ್ಕೆಗಳಲ್ಲಿ ಬಲೆ ಹಾಕುವುದು ಸುತ್ತಳತೆ, ವಿಸ್ತೀರ್ಣದಲ್ಲೂ ಉಂಟು. 12 ಮೀ. ಉದ್ದ, 8 ಮೀ. ಅಗಲದ ತೋಟಕ್ಕೆ ಮೂರು ಸುತ್ತು ತಂತಿ ಬೇಲಿ ಹಾಕಲು ಎಷ್ಟು ತಂತಿ ಬೇಕು? ಉತ್ತರ 120 ಮೀ. ಅವಸರದ ಮಗು 40 ಆರಿಸುತ್ತದೆ, ಗೊಂದಲದ ಮಗು 96 ಆರಿಸುತ್ತದೆ. ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದಿಸಿ.

ಲ.ಸಾ.ಅ., ಮ.ಸಾ.ಅ. ಲೆಕ್ಕ ಮಾಡಲು ಎಲ್ಲರಿಗೂ ಬರುತ್ತದೆ, ಯಾವಾಗ ಯಾವುದು ಎಂಬಲ್ಲಿ ಎಡವುತ್ತಾರೆ. ಅಪವರ್ತನ, ಅಪವರ್ತ್ಯ ಎಂಬ ಹೆಸರುಗಳು ಒಂದೇ ಥರ ಕೇಳಿಸುವುದೂ ತೊಂದರೆಗೆ ಒಂದು ಕಾರಣ. 6, 8, 12 ನಿಮಿಷಕ್ಕೊಮ್ಮೆ ಬಾರಿಸುವ ಗಂಟೆಗಳು ಮತ್ತೆ ಒಟ್ಟಿಗೆ ಬಾರಿಸುವುದು 24 ನಿಮಿಷಕ್ಕೆ. ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ, ಹಾಗಾಗಿ ಇಲ್ಲಿ ಬೇಕಾದದ್ದು ಲ.ಸಾ.ಅ. ಇನ್ನು 24 ಮತ್ತು 36 ಮೀ. ಹಗ್ಗಗಳನ್ನು ಆದಷ್ಟು ಉದ್ದದ ಸಮ ತುಂಡು ಮಾಡಿದರೆ ಒಂದು ತುಂಡು 12 ಮೀ.; ಹಗ್ಗಕ್ಕಿಂತ ತುಂಡು ದೊಡ್ಡದಾಗದು, ಹಾಗಾಗಿ ಮ.ಸಾ.ಅ. ‘ಉತ್ತರ ದೊಡ್ಡದಿರಬೇಕೋ, ಚಿಕ್ಕದಿರಬೇಕೋ?’ ಎಂದು ಮೊದಲೇ ಊಹಿಸಿದರೆ ಗೊಂದಲವಿಲ್ಲ.

ಅಂದಾಜು ಮಾಡುವುದನ್ನು ನಮ್ಮ ಶಾಲೆಗಳಲ್ಲಿ ಕಳ್ಳದಾರಿ ಎಂಬಂತೆ ನೋಡುತ್ತಾರೆ. ಬಹು ಆಯ್ಕೆಯ ಪರೀಕ್ಷೆಯಲ್ಲಿ ಅದು ರಾಜಮಾರ್ಗ. 398 × 21 ಸುಮಾರು 400 × 20, ಅಂದರೆ 8000ದ ಆಸುಪಾಸು, ಕೊನೆಯ ಅಂಕಿ 8. ನಾಲ್ಕು ಆಯ್ಕೆಯಲ್ಲಿ 8358 ತಾನೇ ಎದ್ದು ಕಾಣುತ್ತದೆ.

ಅರ್ಧ ಅಂಕದ ಆಕೃತಿಗಳು

ಮಾನಸಿಕ ಸಾಮರ್ಥ್ಯದಲ್ಲಿ ಹತ್ತು ಬಗೆ, ಬಗೆಗೆ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ್ದು, ಹೋಲುವ ಆಕೃತಿ, ಬಿಟ್ಟ ಭಾಗ ತುಂಬುವುದು, ಸರಣಿ, ಸಾಮ್ಯ, ಜ್ಯಾಮಿತಿ ಆಕೃತಿ ಪೂರ್ಣಗೊಳಿಸುವುದು, ಕನ್ನಡಿ ಬಿಂಬ, ಮಡಿಸಿ ತೂತು ಮಾಡಿದ ಕಾಗದ, ತುಂಡುಗಳನ್ನು ಜೋಡಿಸುವುದು, ಅಡಗಿದ ಆಕೃತಿ. ಇದೆಲ್ಲ ಬುದ್ಧಿಗೆ ಸಂಬಂಧಿಸಿದ್ದು, ಕಲಿಸಲಾಗದು ಎಂದು ಬಿಟ್ಟುಬಿಡುವವರಿದ್ದಾರೆ. ನಿಜವೆಂದರೆ ಇಡೀ ಪತ್ರಿಕೆಯಲ್ಲಿ ಅಭ್ಯಾಸಕ್ಕೆ ಬೇಗ ಒಲಿಯುವ ಭಾಗ ಇದೇ.

ಪುಸ್ತಕದಿಂದ ಶುರು ಮಾಡಬೇಡಿ, ಕೈಯಿಂದ ಶುರು ಮಾಡಿ. ಬೇಕಾದದ್ದು ಹಳೆಯ ನೋಟ್‌ಬುಕ್ ಹಾಳೆ, ಕತ್ತರಿ, ಪುಟ್ಟ ಕನ್ನಡಿ. ಹಾಳೆಯನ್ನು ಎರಡು ಸಲ ಮಡಿಸಿ ಒಂದು ತೂತು ಮಾಡಿ, ಬಿಡಿಸುವ ಮೊದಲು ತೂತುಗಳೆಲ್ಲಿರುತ್ತವೆ ಎಂದು ಮಗು ಬೇರೆ ಹಾಳೆಯಲ್ಲಿ ಗುರುತು ಹಾಕಲಿ, ಆಮೇಲೆ ಬಿಡಿಸಿ ನೋಡಲಿ. ನಾಲ್ಕು ತೂತು ಎಂದು ಎಲ್ಲರೂ ಹೇಳುತ್ತಾರೆ, ಜಾಗ ತಪ್ಪುತ್ತದೆ. ಕೊನೆಯ ಮಡಿಕೆಯನ್ನು ಮೊದಲು ಬಿಡಿಸಬೇಕು, ಪ್ರತಿ ಮಡಿಕೆಯ ಗೆರೆಯನ್ನೂ ಕನ್ನಡಿ ಎಂದುಕೊಳ್ಳಬೇಕು. ದಿನಕ್ಕೆ ಐದರಂತೆ ಎರಡು ವಾರ ಮಾಡಿದರೆ ಚಿತ್ರ ನೋಡಿಯೇ ಹೇಳುವಂತಾಗುತ್ತದೆ.

ಕನ್ನಡಿ ಬಿಂಬದಲ್ಲಿ ಸಾಮಾನ್ಯ ತಪ್ಪು, ಆಕೃತಿಯನ್ನು ತಿರುಗಿಸಿದ್ದನ್ನೂ ಬಿಂಬವನ್ನೂ ಒಂದೇ ಎಂದುಕೊಳ್ಳುವುದು. ಕನ್ನಡಿ ಪಕ್ಕದಲ್ಲಿದ್ದರೆ ಎಡ ಬಲವಾಗುತ್ತದೆ, ಮೇಲು ಕೆಳಗಾಗುವುದಿಲ್ಲ. ಇಡೀ ಚಿತ್ರ ನೋಡುವ ಬದಲು ಕನ್ನಡಿಗೆ ಹತ್ತಿರವಿರುವ ಒಂದು ಗುರುತನ್ನು ಹಿಡಿಯಲಿ. ಬಿಂಬದಲ್ಲೂ ಅದು ಕನ್ನಡಿಗೆ ಹತ್ತಿರವೇ ಇರಬೇಕು. ಎರಡು ಆಯ್ಕೆ ಅಲ್ಲೇ ಹಾರಿಹೋಗುತ್ತವೆ.

ಸರಣಿಯಲ್ಲಿ ಒಂದು ಸಲಕ್ಕೆ ಒಂದೇ ಅಂಶ ಗಮನಿಸುವುದು ಗುಟ್ಟು: ಮೊದಲು ಚುಕ್ಕೆ ಎಲ್ಲಿಗೆ ಸರಿಯುತ್ತಿದೆ, ಆಮೇಲೆ ಬಾಣ ಎಷ್ಟು ತಿರುಗುತ್ತಿದೆ, ಕೊನೆಗೆ ಗೆರೆಗಳ ಸಂಖ್ಯೆ. ಗುಂಪಿಗೆ ಸೇರದ್ದನ್ನು ಹುಡುಕುವಾಗ ‘ಇದು ಬೇರೆ’ ಎಂದರೆ ಸಾಲದು, ‘ಉಳಿದ ಮೂರೂ ಯಾಕೆ ಒಂದೇ’ ಎಂದು ಬಾಯಿಬಿಟ್ಟು ಹೇಳಿಸಿ. ಅಡಗಿದ ಆಕೃತಿಯ ಪ್ರಶ್ನೆಯಲ್ಲಿ ಎರಡು ನಿಮಿಷ ದಾಟಿದರೆ ಒಂದನ್ನು ಗುರುತಿಸಿ ಮುಂದೆ ಹೋಗಲಿ.

ಭಾಷೆಯ ಭಾಗದಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಇಲ್ಲಿ ಅಂಕ ಹೋಗುವುದು ಗದ್ಯದಲ್ಲಿ ಇಲ್ಲದ ಉತ್ತರವನ್ನು ಸ್ವಂತ ತಿಳಿವಳಿಕೆಯಿಂದ ಬರೆದಾಗ. ಉತ್ತರ ಇರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ದಿನಪತ್ರಿಕೆಯ ಒಂದು ಸುದ್ದಿಯನ್ನು ದಿನವೂ ಹೀಗೆ ಓದಿಸಿದರೆ ಬೇರೆ ಪುಸ್ತಕ ಬೇಕಿಲ್ಲ. ಲೆಕ್ಕದ ವಾಕ್ಯ ಅರ್ಥವಾಗದೆ ಸೋಲುವ ಮಗುವಿಗೂ ಮದ್ದು ಇದೇ.

ವರ್ಷದ ಹಂಚಿಕೆ

ಪರೀಕ್ಷೆ 2025–26ರ ಪ್ರವೇಶಕ್ಕೆ 2025ರ ಜನವರಿ 18ರಂದು ನಡೆಯಿತು, 2026–27ರದ್ದು 2025ರ ಡಿಸೆಂಬರ್ 13ಕ್ಕೇ ಬಂತು. ಹಾಗಾಗಿ ನವೆಂಬರ್ ಕೊನೆಗೆ ತಯಾರಿ ಮುಗಿದಿರುವಂತೆ ನೋಡಿಕೊಳ್ಳಿ.

ನಾಲ್ಕನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಮಗ್ಗಿ, ಮೂಲಕ್ರಿಯೆ, ಕಾಗದ ಕತ್ತರಿಯ ಆಟ. ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಜೂನ್‌ನಿಂದ ಆಗಸ್ಟ್ ಭಿನ್ನರಾಶಿ, ದಶಮಾಂಶ, ಅಳತೆಗಳಿಗೆ. ಇಲ್ಲಿ ನಿಧಾನವಾದರೂ ಚಿಂತೆಯಿಲ್ಲ. ಸೆಪ್ಟೆಂಬರ್‌ನಲ್ಲಿ ಶೇಕಡ, ಬಡ್ಡಿ, ವಿಸ್ತೀರ್ಣ. ದಸರಾ ರಜೆಯಿಂದ ಭಾನುವಾರಕ್ಕೊಂದು ಪೂರ್ತಿ ಪತ್ರಿಕೆ, ಎರಡು ಗಂಟೆ, ಮಧ್ಯೆ ಏಳದೆ. ಒಟ್ಟು ಆರರಿಂದ ಎಂಟು ಸಾಕು. ದಿನಕ್ಕೊಂದು ಪತ್ರಿಕೆ ಬರೆಸುವ ತರಬೇತಿಯಲ್ಲಿ ಮಗು ದಣಿಯುತ್ತದೆ, ಅದೇ ತಪ್ಪನ್ನು ಹೆಚ್ಚು ವೇಗವಾಗಿ ಮಾಡಲು ಕಲಿಯುತ್ತದೆ.

ಪತ್ರಿಕೆ ಬರೆಯುವುದಕ್ಕಿಂತ ಅದನ್ನು ತಿದ್ದುವುದು ದೊಡ್ಡ ಕೆಲಸ. ತಪ್ಪಿನ ಪುಸ್ತಕವೊಂದನ್ನು ಇಡಿಸಿ. ಪ್ರತಿ ತಪ್ಪಿನ ಮುಂದೆ ಕಾರಣವನ್ನು ಮಗುವೇ ಬರೆಯಲಿ: ‘ಗೊತ್ತಿರಲಿಲ್ಲ’, ‘ಪ್ರಶ್ನೆ ಸರಿಯಾಗಿ ಓದಲಿಲ್ಲ’, ‘ಕೂಡುವಾಗ ಕಳೆಯುವಾಗ ಎಡವಟ್ಟಾಯಿತು’, ‘ತುಂಬುವಾಗ ತಪ್ಪಿತು’. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಓದು, ಮೂರನೆಯದಕ್ಕೆ ಮಗ್ಗಿ, ನಾಲ್ಕನೆಯದಕ್ಕೆ ಓಎಂಆರ್ (ವೃತ್ತ ತುಂಬಿ ಉತ್ತರಿಸುವ ಹಾಳೆ) ಅಭ್ಯಾಸ. ಎಲ್ಲ ತಪ್ಪಿಗೂ ‘ಗಮನ ಇಲ್ಲ’ ಎಂದು ಬೈಯುವುದರಿಂದ ಯಾವುದೂ ಸರಿಹೋಗದು.

ಕೋಚಿಂಗ್ ಬೇಕೇ? ಮನೆಯಲ್ಲಿ ಕೂತು ಕೇಳುವವರು ಯಾರೂ ಇಲ್ಲದಿದ್ದರೆ ಉಪಯೋಗವಾದೀತು. ಸೇರಿಸುವ ಮೊದಲು ಒಂದು ತರಗತಿ ನೋಡಿ: ಮಕ್ಕಳಿಗೆ ‘ಯಾಕೆ’ ಎಂದು ಕೇಳಲು ಬಿಡುತ್ತಾರೆಯೇ, ಅಥವಾ ಬರೀ ಶಾರ್ಟ್‌ಕಟ್ ಬರೆಸುತ್ತಾರೆಯೇ? ಐದನೇ ತರಗತಿಯ ಮಗುವನ್ನು ಶಾಲೆ ಬಿಡಿಸಿ ಬೇರೆ ಊರಿನ ತರಬೇತಿ ಹಾಸ್ಟೆಲ್‌ಗೆ ಹಾಕುವುದಂತೂ ಬೇಡ. ಕಲಿಕೆ ಹಾಳಾಗುವುದು ಒಂದು, ಆ ಊರು ಬೇರೆ ಜಿಲ್ಲೆಯದೋ ಪೇಟೆಯೋ ಆಗಿ ದಾಖಲಾತಿ ಬದಲಾದರೆ ಅರ್ಹತೆಗೇ ಕುತ್ತು.

ಓಎಂಆರ್ ಮತ್ತು ಪರೀಕ್ಷೆಯ ದಿನ

ವರ್ಷವಿಡೀ ಪೆನ್ಸಿಲ್‌ನಲ್ಲಿ ಬರೆಯುವ ಮಗುವಿಗೆ ಆ ದಿನ ಕಪ್ಪು ಅಥವಾ ನೀಲಿ ಬಾಲ್ ಪೆನ್ ಕೊಟ್ಟು, ಅಳಿಸುವಂತಿಲ್ಲ ಎಂದರೆ ಕೈ ನಡುಗುತ್ತದೆ. ಅಕ್ಟೋಬರ್‌ನಿಂದಲೇ ಓಎಂಆರ್ ಹಾಳೆಯ ಜೆರಾಕ್ಸ್‌ನಲ್ಲಿ ಪೆನ್ನಿನಿಂದ ತುಂಬಿಸಿ. ವೃತ್ತ ಪೂರ್ತಿ ತುಂಬಬೇಕು. ಟಿಕ್, ಚುಕ್ಕೆ, ಎರಡು ವೃತ್ತ ಯಾವುದೂ ನಡೆಯದು. ದೊಡ್ಡ ಅನಾಹುತ ಸಾಲು ತಪ್ಪುವುದು: 17ನೇ ಪ್ರಶ್ನೆ ಬಿಟ್ಟ ಮಗು 18ರ ಉತ್ತರವನ್ನು 17ರಲ್ಲಿ ತುಂಬುತ್ತದೆ, ಮುಂದಿನದೆಲ್ಲ ಒಂದೊಂದು ಮೇಲೆ ಸರಿಯುತ್ತದೆ. ಐದು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆ ಮತ್ತು ವೃತ್ತದ ಸಂಖ್ಯೆ ತಾಳೆ ನೋಡುವ ಅಭ್ಯಾಸವಾಗಲಿ. ‘ಎಲ್ಲ ಮುಗಿಸಿ ಕೊನೆಗೆ ತುಂಬುತ್ತೇನೆ’ ಎನ್ನುವುದು ಬೇಡ.

ಸಮಯವನ್ನು ಆಕೃತಿಗೆ ಒಂದು ಗಂಟೆ, ಲೆಕ್ಕಕ್ಕೆ ಅರ್ಧ, ಭಾಷೆಗೆ ಅರ್ಧ ಎಂದು ಹಂಚಿಕೊಳ್ಳಿ. ಅಭ್ಯಾಸವಾದ ಮಗು ಆಕೃತಿಯನ್ನು 45–50 ನಿಮಿಷದಲ್ಲಿ ಮುಗಿಸಿ ಉಳಿದದ್ದನ್ನು ಲೆಕ್ಕಕ್ಕೆ ಕೊಡುತ್ತದೆ. ಕೊನೆಯ ಐದು ನಿಮಿಷ ಖಾಲಿ ವೃತ್ತ ತುಂಬಲು.

ಹಿಂದಿನ ದಿನ ಹೊಸ ಲೆಕ್ಕ ಬೇಡ. ‘ಇದೊಂದೇ ಅವಕಾಶ, ನಮ್ಮ ಮಾನ ನಿನ್ನ ಕೈಲಿದೆ’ ಎಂಬ ಮಾತು ಖಂಡಿತ ಬೇಡ.

ಸಿಕ್ಕರೆ, ಸಿಗದಿದ್ದರೆ

ಆಯ್ಕೆಯಾದರೆ ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ. 9ರಿಂದ 12ನೇ ತರಗತಿಗೆ ತಿಂಗಳಿಗೆ 600 ರೂ. ವಿದ್ಯಾಲಯ ವಿಕಾಸ ನಿಧಿ ಶುಲ್ಕ ಕಟ್ಟಬೇಕು. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಬೇರೆ ದರ. ಏಳು ಅಥವಾ ಎಂಟನೇ ತರಗತಿಯವರೆಗೆ ಪ್ರಾದೇಶಿಕ ಭಾಷೆಯಲ್ಲಿ ಪಾಠ, ಆಮೇಲೆ ಗಣಿತ, ವಿಜ್ಞಾನ ಇಂಗ್ಲಿಷ್‌ನಲ್ಲಿ. ಒಂಬತ್ತನೇ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಭಾಷಿಕ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಇದನ್ನು ಮಗುವಿಗೂ ಅಜ್ಜಿಗೂ ಮೊದಲೇ ಹೇಳಿಡಿ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ದಾಖಲೆಗಳನ್ನು ಜೋಡಿಸಿಟ್ಟುಕೊಂಡಿರಿ. ಸೀಟು ಉಳಿದರೆ ಕಾಯುವ ಪಟ್ಟಿಯಿಂದ ಕರೆಯುತ್ತಾರೆ, ಆಗ ಕೊಡುವ ಸಮಯ ಕಡಿಮೆ.

ಸಿಗದಿದ್ದರೆ ಒಂಬತ್ತನೇ ತರಗತಿಗೆ ಖಾಲಿ ಸೀಟುಗಳಿಗಾಗಿ ಇನ್ನೊಂದು ಪರೀಕ್ಷೆ ಇದೆ, ಆರನೇ ತರಗತಿಯದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿ ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15, ಎರಡೂವರೆ ಗಂಟೆ, ಎಂಟನೇ ತರಗತಿಯ ಮಟ್ಟ. ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದ ಮಗು ಆರನೇ ತರಗತಿಯಿಂದಲೇ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಎರಡು ಕಾಲಂನಲ್ಲಿ ಬರೆದುಕೊಳ್ಳುತ್ತ ಬಂದರೆ (ಸಾಂದ್ರತೆಯ ಎದುರು ಡೆನ್ಸಿಟಿ, ದ್ಯುತಿಸಂಶ್ಲೇಷಣೆಯ ಎದುರು ಫೋಟೊಸಿಂಥೆಸಿಸ್), ವಾರಕ್ಕೆ ಹತ್ತು ಪದವಾದರೂ ಎರಡೂವರೆ ವರ್ಷದಲ್ಲಿ ಸಾವಿರ ದಾಟುತ್ತದೆ. ವಿಜ್ಞಾನವನ್ನು ಪ್ರಶ್ನೋತ್ತರವಾಗಿ ಬಾಯಿಪಾಠ ಮಾಡಿದವರು ಈ 35 ಅಂಕದಲ್ಲಿ ಹಿಂದೆ ಬೀಳುತ್ತಾರೆ, ಏಕೆಂದರೆ ಆಯ್ಕೆಗಳನ್ನು ಕಾರಣ ತಿಳಿದವರಿಗೆ ಮಾತ್ರ ಬೇರ್ಪಡಿಸಲಾಗುವಂತೆ ಕೊಟ್ಟಿರುತ್ತಾರೆ.